ಟ್ರ್ಯಾಕ್ಟರ್ ಬ್ರೇಕ್ ಮತ್ತು ಲಿಫ್ಟ್ ಹೊಂದಾಣಿಕೆ: ಪರೀಕ್ಷೆಗೆ ಮುಖ್ಯಾಂಶಗಳು

ಐಟಿಐ ಟ್ರ್ಯಾಕ್ಟರ್ ಮೆಕ್ಯಾನಿಕ್ ವಿದ್ಯಾರ್ಥಿಗಳಿಗಾಗಿ

ಎರಡು ಬ್ರೇಕ್ ಪೆಡಲ್ ಏಕೆ? ಹಿಂದಿನ ಎಡ ಮತ್ತು ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಇರುವುದರಿಂದ. ಹೊಲದ ಬದುವಿನ ಬಳಿ ಒಂದೇ ಪೆಡಲ್ ಒತ್ತಿದರೆ ಆ ಬದಿಯ ಚಕ್ರ ನಿಂತು, ಟ್ರ್ಯಾಕ್ಟರ್ ಕಿರಿದಾದ ಜಾಗದಲ್ಲಿ ಆ ಕಡೆಗೇ ತಿರುಗುತ್ತದೆ. ರಸ್ತೆಗೆ ಬರುವ ಮೊದಲು ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಲೇಬೇಕು. ವೇಗದಲ್ಲಿ ಒಂದೇ ಚಕ್ರ ಬ್ರೇಕ್ ಹಿಡಿದರೆ ಟ್ರ್ಯಾಕ್ಟರ್ ಥಟ್ಟನೆ ಅಡ್ಡ ತಿರುಗಿ ಮಗುಚಬಹುದು. ಹಿಂದೆ ಕಬ್ಬು ತುಂಬಿದ ಟ್ರೈಲರ್ ಇದ್ದರಂತೂ ತಡೆಯುವವರಿಲ್ಲ. ಒಂದು ಅಂಕದ ಪ್ರಶ್ನೆಯೆಂದು ಇದನ್ನು ಹಗುರವಾಗಿ ಓದಬೇಡಿ.

ಫ್ರೀ ಪ್ಲೇ: ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ದೂರ. ಅಳತೆ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಎರಡೂ ಪೆಡಲ್‌ಗಳಲ್ಲಿ ಸಮನಾಗಿರಬೇಕು. ಕಡಿಮೆಯಾದರೆ ಬ್ರೇಕ್ ಸದಾ ಉಜ್ಜಿ ಬಿಸಿಯಾಗುತ್ತದೆ, ಲೈನಿಂಗ್ ಬೇಗ ಸವೆಯುತ್ತದೆ.

ಹೊಂದಿಸುವ ಕ್ರಮ: ಎಂಜಿನ್ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ತಂದು, ಪಾರ್ಕಿಂಗ್ ಬ್ರೇಕ್ ಬಿಡಿಸಿ. ಹಿಂಬದಿಯನ್ನು ಜ್ಯಾಕ್‌ನಿಂದ ಎತ್ತಿ, ಗಟ್ಟಿ ಆಧಾರ ಇಡಿ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ, ಅದು ಬಿಗಿ ಹಿಡಿಯುವವರೆಗೆ ಅಡ್ಜಸ್ಟಿಂಗ್ ನಟ್ ತಿರುವಿ. ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಸಡಿಲಿಸಿ. ಲಾಕ್ ನಟ್ ಬಿಗಿಯಿರಿ. ಕೊನೆಗೆ ಪೆಡಲ್ ಜೋಡಿಸಿ ಸಮತಟ್ಟು ಜಾಗದಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಒತ್ತಿ ನೋಡಿ. ಎಡಕ್ಕೆ ಎಳೆದರೆ ಎಡ ಬ್ರೇಕ್ ಹೆಚ್ಚು ಹಿಡಿಯುತ್ತಿದೆ ಎಂದರ್ಥ. ಒಣ ಬ್ರೇಕ್‌ನ ಲೈನಿಂಗ್‌ಗೆ ಎಣ್ಣೆ ತಾಗಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಮೊದಲು ಆಯಿಲ್ ಸೀಲ್ ಬದಲಿಸಬೇಕು.

ಆಯಿಲ್ ಬ್ರೇಕ್: ಡಿಸ್ಕ್‌ಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಕೆಸರು, ದೂಳು ಸೇರದು, ಗದ್ದೆಗೆ ಒಳ್ಳೆಯದು.

ಲಿಫ್ಟ್‌ನ ಎರಡು ನಿಯಂತ್ರಣ: ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಪೊಸಿಷನ್ ಕಂಟ್ರೋಲ್ ಉಪಕರಣದ ಎತ್ತರವನ್ನು ಟ್ರ್ಯಾಕ್ಟರ್‌ಗೆ ಹೋಲಿಸಿ ಒಂದೇ ಕಡೆ ನಿಲ್ಲಿಸುತ್ತದೆ. ಡ್ರಾಫ್ಟ್ ಕಂಟ್ರೋಲ್ ಎಳೆತದ ಭಾರವನ್ನು ಒಂದೇ ಹದದಲ್ಲಿಡುತ್ತದೆ. ಆಳ ತುಸು ಏರುಪೇರಾಗುತ್ತದೆ. ಗಟ್ಟಿ ನೆಲ ಸಿಕ್ಕಾಗ ಟಾಪ್ ಲಿಂಕ್ ಮುಂದಕ್ಕೆ ಒತ್ತಿ ಸ್ಪ್ರಿಂಗ್ ಕುಗ್ಗುತ್ತದೆ, ವಾಲ್ವ್ ತೆರೆದು ನೇಗಿಲು ಸ್ವಲ್ಪ ಮೇಲೇಳುತ್ತದೆ. ಮರದ ನೇಗಿಲು ಹೂಡುತ್ತಿದ್ದವರು ಎತ್ತುಗಳು ಸೋಲಬಾರದೆಂದು ಮೇಣಿಯ ಮೇಲಿನ ಒತ್ತು ಸಡಿಲಿಸುತ್ತಿದ್ದರಲ್ಲ, ಅದೇ ಕೆಲಸ. (ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಈ ಸಂವೇದನೆ ಕೆಳಲಿಂಕ್‌ಗಳಿಂದ ಬರುತ್ತದೆ.) ನೇಗಿಲಿಗೆ ಡ್ರಾಫ್ಟ್, ರೋಟವೇಟರ್‌ಗೆ ಪೊಸಿಷನ್.

ಡ್ರಾಫ್ಟ್ ಕಂಟ್ರೋಲ್ ವ್ಯವಸ್ಥೆಯನ್ನು ರೂಪಿಸಿದವರು ಐರ್ಲೆಂಡ್‌ನ ಹ್ಯಾರಿ ಫರ್ಗುಸನ್. 1936ರಲ್ಲಿ ಫರ್ಗುಸನ್-ಬ್ರೌನ್, 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್‌ಗಳು ಇದನ್ನು ಹೊತ್ತು ಬಂದವು.

ಉಪಕರಣ ಜೋಡಿಸುವಾಗ: ಮೊದಲು ಎಡ ಕೆಳಲಿಂಕ್, ಆಮೇಲೆ ಬಲ, ಕೊನೆಗೆ ಟಾಪ್ ಲಿಂಕ್. ಬಲಗಡೆಯ ಲಿಫ್ಟ್ ರಾಡ್‌ನ ಉದ್ದ ಬದಲಿಸಬಹುದಾದ್ದರಿಂದ ಈ ಕ್ರಮ. ಬಿಚ್ಚುವಾಗ ತಿರುಗುಮುರುಗು. ಟಾಪ್ ಲಿಂಕ್ ಗಿಡ್ಡ ಮಾಡಿದರೆ ನೇಗಿಲಿನ ಮೂತಿ ಕೆಳಗಾಗಿ ಆಳಕ್ಕೆ ಇಳಿಯುತ್ತದೆ.

ದೋಷ ಪತ್ತೆ: ಲಿಫ್ಟ್ ಏಳದಿದ್ದರೆ ಮೊದಲು ಎಣ್ಣೆಯ ಮಟ್ಟ, ನಂತರ ಫಿಲ್ಟರ್, ಅನಂತರವೇ ಪಂಪ್ ನೋಡಿ. ಎಂಜಿನ್ ನಿಂತ ಮೇಲೆ ಎತ್ತಿದ ನೇಗಿಲು ತಾನಾಗಿ ಬೇಗ ಇಳಿಯುತ್ತಿದ್ದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್‌ನಲ್ಲಿ ಸೋರಿಕೆ ಇದೆ. ಎತ್ತುವುದಕ್ಕಷ್ಟೇ ಎಣ್ಣೆಯ ಒತ್ತಡ. ಇಳಿಯುವುದು ಉಪಕರಣದ ಸ್ವಂತ ಭಾರದಿಂದ.