ಗರಿಯ ಬಣ್ಣ ಮತ್ತು ಮೊಟ್ಟೆಯ ಬಣ್ಣ: ತಳಿ ಕೋಳಿ ಆರಿಸುವಾಗ ತಿಳಿದಿರಬೇಕಾದುದು

ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಅಂಚಿನ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಸಾಕಣೆಗೆ ಒಳ್ಳೆಯ ಪೇಟೆ ಕೈಯಳತೆಯಲ್ಲಿದೆ. ಕಂದು ಚಿಪ್ಪಿನ ಮೊಟ್ಟೆಯನ್ನು ನಾಟಿ ಮೊಟ್ಟೆಯೆಂದು ನಂಬಿ ಗಿರಾಕಿಗಳು ಹೆಚ್ಚು ಬೆಲೆ ಕೊಡುತ್ತಾರೆ. ಬಣ್ಣದ ಗರಿಯ ಹುಂಜಕ್ಕೂ ಬೇಡಿಕೆಯುಂಟು. ಹೀಗಾಗಿ ಗರಿಯ ಚೆಂದ ನೋಡಿ ಹುಂಜವನ್ನು ತಳಿಗೆ ಉಳಿಸಿಕೊಳ್ಳುವವರು ಅನೇಕರು. ಅದರ ಹೆಣ್ಣುಮರಿಗಳು ದೊಡ್ಡವಾಗಿ ಕಡಮೆ ಮೊಟ್ಟೆ ಇಟ್ಟಾಗ, ಚಿಪ್ಪು ಬಿಳಿಚಿಕೊಂಡಾಗ ಮೇವನ್ನು ದೂರುವುದುಂಟು. ಆದರೆ ದೋಷವು ಹಲವು ವೇಳೆ ಹುಂಜದ ಆಯ್ಕೆಯಲ್ಲಿಯೇ ಇರುತ್ತದೆ.

ಗರಿಯ ಬಣ್ಣದಲ್ಲಿ ಒಂದೊಂದೇ ವಂಶವಾಹಿಯ ಪ್ರಭಾವ ಕಣ್ಣಿಗೆ ಎದ್ದು ಕಾಣುತ್ತದೆ. ಮೆಂಡಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು 1902ರಲ್ಲಿ ಇಂಗ್ಲೆಂಡಿನ ಬೇಟ್ಸನ್ ತೋರಿಸಿದ್ದು ಕೋಳಿಗಳಲ್ಲಿಯೇ. ಬಿಳಿ ಲೆಗ್‌ಹಾರ್ನ್ ಹುಂಜವನ್ನು ಬಣ್ಣದ ನಾಟಿ ಹೇಂಟೆಗಳಿಗೆ ಬಿಟ್ಟರೆ ಮರಿಗಳು ಬಿಳಿಯಾಗಿಯೇ ಬರುತ್ತವೆ, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಇರಬಹುದು. ಲೆಗ್‌ಹಾರ್ನ್‌ನ ಬಿಳುಪು ಪ್ರಬಲ ಗುಣ. ಬಿಳಿ ಪ್ಲಿಮತ್ ರಾಕ್‌ನ ಬಿಳುಪಾದರೋ ಸುಪ್ತ ಗುಣ. ಬಣ್ಣದ ಕೋಳಿಯೊಡನೆ ಕೂಡಿದಾಗ ಮರೆಯಾಗುತ್ತದೆ. ನೋಡಲು ಎರಡೂ ಬಿಳಿ ಕೋಳಿಗಳೇ!

ಹೆಣ್ಣು ಗಂಡಿನ ಲೆಕ್ಕವೂ ಕೋಳಿಯಲ್ಲಿ ದನಕರುಗಳಿಗೆ ತಿರುಗುಮುರುಗು. ಹುಂಜಕ್ಕೆ ಒಂದೇ ಬಗೆಯ ಎರಡು ಲಿಂಗ ವರ್ಣತಂತುಗಳಿವೆ. ಹೇಂಟೆಗೆ ಆ ಬಗೆಯದು ಒಂದೇ. ಅದನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಪಟ್ಟೆ ಗರಿಯ ವಂಶವಾಹಿ ಇರುವುದು ಈ ವರ್ಣತಂತುವಿನ ಮೇಲೆಯೇ. ಆದುದರಿಂದ ರೋಡ್ ಐಲೆಂಡ್ ರೆಡ್ ಹುಂಜವನ್ನು ಪಟ್ಟೆ ಪ್ಲಿಮತ್ ರಾಕ್ ಹೇಂಟೆಗೆ ಬಿಟ್ಟಾಗ ಒಂದು ದಿನದ ಮರಿಗಳಲ್ಲಿ ತಲೆಯ ಮೇಲೆ ಬಿಳಿ ಮಚ್ಚೆ ಇರುವುದು ಗಂಡು, ಇಲ್ಲದ್ದು ಹೆಣ್ಣು. ಜೋಡಿಯನ್ನು ತಿರುಗಿಸಿ ಪಟ್ಟೆ ಹುಂಜವನ್ನು ಕೆಂಪು ಹೇಂಟೆಗೆ ಬಿಟ್ಟರೆ ಮರಿಗಳಿಗೆಲ್ಲ ಮಚ್ಚೆ ಬಂದು ಈ ಗುರುತು ಕೆಡುತ್ತದೆ.

ಚಿಪ್ಪಿನ ಬಣ್ಣ

ಚಿಪ್ಪಿನ ಕಂದು ಬಣ್ಣ ಹೀಗೆ ಸುಲಭವಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಇದಕ್ಕೆ ಹಲವು ವಂಶವಾಹಿಗಳು ಸೇರಬೇಕು. ಮೊಟ್ಟೆ ಹೊರಬೀಳುವ ಮುನ್ನ ಕಡೆಯ ಕೆಲವು ಗಂಟೆಗಳಲ್ಲಿ ಕಂದು ವರ್ಣದ್ರವ್ಯವು ಚಿಪ್ಪಿನ ಹೊರಮೈಗೆ ಹತ್ತುತ್ತದೆ. ಬಿಳಿ ಮೊಟ್ಟೆಯ ತಳಿಯ ಹುಂಜವನ್ನು ಕಂದು ಮೊಟ್ಟೆಯ ಹೇಂಟೆಗೆ ಕೂಡಿಸಿದರೆ ಹುಟ್ಟಿದ ಹೆಣ್ಣುಗಳ ಮೊಟ್ಟೆ ಸಾಮಾನ್ಯವಾಗಿ ನಡುವಣ ಬಣ್ಣದ್ದು. ದಕ್ಷಿಣ ಅಮೆರಿಕದ ಅರೌಕಾನ ಕೋಳಿಯ ನೀಲಿ ಚಿಪ್ಪು ಮಾತ್ರ ಒಂದೇ ಪ್ರಬಲ ವಂಶವಾಹಿಯಿಂದ ಬರುತ್ತದೆ. ಆ ಬಣ್ಣ ಚಿಪ್ಪಿನ ಒಳಮೈಗೂ ಇಳಿದಿರುತ್ತದೆ. ಕಡಕ್‌ನಾಥ್ ಕೋಳಿಯ ಚರ್ಮ ಕಪ್ಪಾದರೂ ಮೊಟ್ಟೆ ತಿಳಿಕಂದು. ಕಪ್ಪು ಮೊಟ್ಟೆಯೆಂದು ಮಾರುವವರನ್ನು ನಂಬಬಾರದು.

ಚಿಪ್ಪು ತಾಯಿಯದು, ಒಳಗಿನ ಮರಿಯದಲ್ಲ. ಹುಂಜವನ್ನು ಬದಲಿಸಿದ ಮಾತ್ರಕ್ಕೆ ಅದೇ ಹೇಂಟೆ ಇಡುವ ಮೊಟ್ಟೆಯ ಬಣ್ಣ ಬದಲಾಗದು. ಆದರೆ ಹುಂಜವು ಹೊತ್ತ ಗುಣ ಅದರ ಹೆಣ್ಣುಮರಿಗಳಲ್ಲಿ ತೋರುತ್ತದೆ. ಹುಂಜ ಮೊಟ್ಟೆ ಇಡುವುದಿಲ್ಲವಾದ್ದರಿಂದ ಅದನ್ನು ಅದರ ತಾಯಿ ಮತ್ತು ಅಕ್ಕತಂಗಿಯರ ಮೊಟ್ಟೆ ನೋಡಿ ಆರಿಸಬೇಕೇ ಹೊರತು ಬಾಲದ ಗರಿ ನೋಡಿ ಅಲ್ಲ. ಇದಕ್ಕೆ ಕಾಲಿಗೊಂದು ಬಣ್ಣದ ಬಳೆ, ಗೋಡೆಯ ಮೇಲೊಂದು ಲೆಕ್ಕದ ಹಾಳೆ ಸಾಕು.

ಚಿಪ್ಪಿನ ಬಣ್ಣದಿಂದ ಪೌಷ್ಟಿಕತೆ ಹೆಚ್ಚುವುದಿಲ್ಲ. ಪಂಜರದಲ್ಲಿ ಸಾಕಿದ ಕಂದು ಮೊಟ್ಟೆಯ ಕೋಳಿಗಳೂ ಇವೆ. ಹಳದಿ ಭಾಗದ ಬಣ್ಣ ಹಸಿರು ಸೊಪ್ಪು, ಮುಸುಕಿನ ಜೋಳಗಳಿಂದ ಬರುವುದು. ಗಿರಾಕಿ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳುವುದು ವ್ಯಾಪಾರಕ್ಕೂ ಒಳ್ಳೆಯದು.

ಗಿರಿರಾಜ, ಸ್ವರ್ಣಧಾರಾ ಮರಿಗಳು

ಹೆಬ್ಬಾಳದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಅನಂತರ ಬಂದ ಸ್ವರ್ಣಧಾರಾ ಬಣ್ಣದ ಗರಿಯ, ಕಂದು ಮೊಟ್ಟೆಯ ಕೋಳಿಗಳು. ಇವು ಮಿಶ್ರತಳಿಗಳು. ಇವುಗಳನ್ನೇ ಒಂದಕ್ಕೊಂದು ಕೂಡಿಸಿ ಮರಿ ಮಾಡಿದರೆ ಗುಣಗಳು ಚದುರುತ್ತವೆ: ಒಂದು ಮರಿ ಬೇಗ ಬೆಳೆದರೆ ಇನ್ನೊಂದು ಹಿಂದುಳಿಯುತ್ತದೆ, ಗರಿ ಒಂದೊಂದಕ್ಕೆ ಒಂದೊಂದು ಬಗೆ, ಮೊಟ್ಟೆಯ ಸಂಖ್ಯೆಯೂ ಇಳಿಯಬಹುದು. ಗರಿಯ ಬಣ್ಣ ತಾಯಿಯಂತೆಯೇ ಇದ್ದ ಮರಿ ಮೊಟ್ಟೆಯಲ್ಲೂ ತಾಯಿಯಂತಿರುವುದೆಂಬ ಭರವಸೆಯಿಲ್ಲ. ಮೊಟ್ಟೆಯ ಆದಾಯವನ್ನೇ ನಂಬಿದ ಮನೆಯವರು ಪ್ರತಿ ತಂಡಕ್ಕೂ ಹೊಸ ಮರಿಗಳನ್ನು ತರುವುದು ಲೇಸು. ಫಲವಂತ ಮೊಟ್ಟೆ ತಂದು ಕಾವು ಕೂತ ನಾಟಿ ಹೇಂಟೆಯ ಕೆಳಗಿಟ್ಟರೂ ಆದೀತು.

ನಾಟಿ ಕೋಳಿಯಲ್ಲೇ ಸ್ವಂತ ತಳಿ ಮಾಡಬಯಸುವವರು 8–10 ಹೇಂಟೆಗೆ ಒಂದು ಹುಂಜ ಇಟ್ಟು, ಅದರ ಹೆಣ್ಣುಮರಿಗಳು ಮೊಟ್ಟೆಗೆ ಬರುವ ಮೊದಲೇ ಬೇರೆ ಊರಿನ ಹುಂಜವನ್ನು ತರಬೇಕು. ಇಲ್ಲದಿದ್ದರೆ ರಕ್ತಸಂಬಂಧ ಬೆಳೆದು ಮರಿಯಾಗುವ ಪ್ರಮಾಣ ತಗ್ಗುತ್ತದೆ. ಹಳೆಯ ಹುಂಜವನ್ನು ತೆಗೆದ ಮೇಲೂ ಅದರ ವೀರ್ಯ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಉಳಿಯುವುದರಿಂದ, ಆ ಮೂರು ವಾರಗಳ ಮೊಟ್ಟೆಗಳನ್ನು ಕಾವಿಗೆ ಇಡದೆ ಮಾರಿಬಿಡಬೇಕು.