ಫೋನ್ ಲೈನ್ ಬಂತು, ಬ್ರಾಡ್‌ಬ್ಯಾಂಡ್ ಬರುತ್ತದೆಯೇ? ಹಣ ಕಟ್ಟುವ ಮೊದಲೇ ಬರಹದಲ್ಲಿ ಉತ್ತರ ಕೇಳಿ

ಎಸ್‌ಟಿಡಿ ಕೋಡ್ ಬಸವಕಲ್ಯಾಣದ 08481 ಇರಲಿ, ಹುಮನಾಬಾದಿನ 08483 ಇರಲಿ, ಇವತ್ತು ಮನೆಗೆ ಹೊಸ ಲ್ಯಾಂಡ್‌ಲೈನ್ ಹಾಕಿಸುವವರು ಮಾತಾಡುವುದಕ್ಕೆಂದು ಹಾಕಿಸುವುದಿಲ್ಲ. ಮಾತಿಗೆ ಕಿಸೆಯಲ್ಲಿ ಮೊಬೈಲ್ ಇದೆ. ಮಕ್ಕಳ ಆನ್‌ಲೈನ್ ಕೋಚಿಂಗ್, ಹೈದರಾಬಾದ್ ಅಥವಾ ಪುಣೆಯ ಕಂಪನಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ, ಅಂಗಡಿಯ ಜಿಎಸ್‌ಟಿ ರಿಟರ್ನ್, ಇವಕ್ಕೆ ತಂತಿ ಬೇಕು. ಆದರೂ ಎಷ್ಟೋ ಕೌಂಟರುಗಳಲ್ಲಿ ಸಿಗುವ ಉತ್ತರ ಹಳೆಯದೇ: ‘ಮೊದಲ ಲೈನ್ ತಗೊಳ್ರಿ, ನೆಟ್ ಆಮ್ಯಾಲ ನೋಡೂಣು.’ ಗ್ರಾಹಕರ ದುಡ್ಡು ಸಿಕ್ಕಿಬೀಳುವುದು ಈ ‘ಆಮ್ಯಾಲ’ದಲ್ಲೇ.

ಫೋನ್ ಲೈನ್ ಕೊಡುವುದು ಬೇರೆ, ಅದರ ಮೇಲೆ ಬ್ರಾಡ್‌ಬ್ಯಾಂಡ್ ಕೊಡುವುದು ಬೇರೆ. ಹಳೆಯ ತಾಮ್ರದ ತಂತಿಯಾದರೆ ಎಕ್ಸ್‌ಚೇಂಜಿನಿಂದ ನಿಮ್ಮ ಓಣಿಯ ಡಿಪಿ ಬಾಕ್ಸಿನ ತನಕ ಒಳ್ಳೆಯ ಜೋಡಿ ತಂತಿ ಉಳಿದಿರಬೇಕು, ಎಕ್ಸ್‌ಚೇಂಜಿನಲ್ಲಿ ಬ್ರಾಡ್‌ಬ್ಯಾಂಡ್ ಪೋರ್ಟ್ ಖಾಲಿ ಇರಬೇಕು, ಮನೆ ಬಹಳ ದೂರ ಇರಬಾರದು. ಮೂರು-ನಾಲ್ಕು ಕಿಲೋಮೀಟರ್ ದಾಟಿದರೆ ತಾಮ್ರದಲ್ಲಿ ಮಾತು ಕೇಳಿಸುತ್ತದೆ, ಇಂಟರ್ನೆಟ್ ಕುಂಟುತ್ತದೆ. ಫೈಬರಿಗೆ ದೂರದ ತೊಂದರೆ ಕಡಿಮೆ. ಇಪ್ಪತ್ತು ಕಿಲೋಮೀಟರಿನ ತನಕ ಬೆಳಕು ಹೋಗುತ್ತದೆ. ಅಲ್ಲಿ ಅಡ್ಡಿ ಬರುವುದು ಬೀದಿಯ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ. ಅದರಲ್ಲಿ ಖಾಲಿ ಕಿಂಡಿ ಇಲ್ಲದಿದ್ದರೆ ಪಕ್ಕದ ಮನೆಗೆ ಇರುವ ಸಂಪರ್ಕ ನಿಮಗೆ ಸಿಗುವುದಿಲ್ಲ. ಲೈನ್ ಹಾಕುವ ಹುಡುಗ ಬಂದು ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಚ್ಚಿದಾಗ ಅಂಕಿ (ಡಿಬಿಎಂ ಲೆಕ್ಕದಲ್ಲಿ) ಮೈನಸ್ 20ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಮೈನಸ್ 27 ದಾಟಿ ಕೆಳಗಿಳಿದರೆ ಇವತ್ತು ನಡೆದ ಲೈನ್ ಮೊದಲ ಮಳೆಗೆ ನಿಲ್ಲುತ್ತದೆ. ಆ ಅಂಕಿಯನ್ನು ನೀವೂ ನೋಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಯಾರೂ ಬೇಡ ಎನ್ನುವುದಿಲ್ಲ.

ಇದನ್ನೆಲ್ಲ ಸೇರಿಸಿ ಕಚೇರಿಯವರು ‘ಫೀಸಿಬಿಲಿಟಿ’ ಎನ್ನುತ್ತಾರೆ. ಆಗದು ಎಂದಾದರೆ ಅರ್ಜಿಯ ಮೇಲೆ ‘ಟಿಎನ್‌ಎಫ್’ (ಟೆಕ್ನಿಕಲಿ ನಾಟ್ ಫೀಸಿಬಲ್, ತಾಂತ್ರಿಕವಾಗಿ ಸಾಧ್ಯವಿಲ್ಲ) ಎಂಬ ಮೂರಕ್ಷರ ಬೀಳುತ್ತದೆ.

ಮನೆಯಿಂದಲೇ ಮಾಡಬಹುದಾದ ವಿಚಾರಣೆ ಮೊದಲು ಮುಗಿಸಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಆ ಪ್ರದೇಶದಲ್ಲಿ ತಂತಿಯ ಇಂಟರ್ನೆಟ್ ಕೊಡುವ ಕಂಪನಿಗಳ ಹೆಸರು ಬರುತ್ತದೆ. ಬಸವಕಲ್ಯಾಣಕ್ಕೆ 585327, ಹುಮನಾಬಾದಿಗೆ 585330. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ನಿಮ್ಮ ಓಣಿಗೆ ತಂತಿ ಬಂದಿದೆ ಎಂದು ತಿಳಿಯಬೇಡಿ. ಯಾರ ಹತ್ತಿರ ಕೇಳಬೇಕು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಬಿಎಸ್‌ಎನ್‌ಎಲ್ ಆದರೆ 1800-345-1500ಕ್ಕೆ ಕರೆ ಮಾಡಬಹುದು, ಅವರ ಬುಕ್ ಮೈ ಫೈಬರ್ ತಾಣದಲ್ಲಿ ನಕಾಶೆಯ ಮೇಲೆ ಮನೆ ಗುರುತಿಸಿ ಬೇಡಿಕೆ ದಾಖಲಿಸಬಹುದು. ಕೌಂಟರಿಗೇ ಹೋಗುವುದಾದರೆ ಪಕ್ಕದ ಮನೆಯ ಲ್ಯಾಂಡ್‌ಲೈನ್ ಅಥವಾ ಫೈಬರ್ ನಂಬರ್ ಬರೆದುಕೊಂಡು ಹೋಗಿ. ‘ಬಾಜೂ ಮನ್ಯಾಗ ಫೋನ್ ಅದಾ ಏನ್ರಿ? ನಂಬರ್ ಹೇಳ್ರಿ’ ಎಂದು ಅವರು ಕೇಳೇ ಕೇಳುತ್ತಾರೆ. ಆ ಒಂದು ನಂಬರಿನಿಂದ ನಿಮ್ಮ ಓಣಿ ಯಾವ ಪೆಟ್ಟಿಗೆಗೆ ಸೇರಿದೆ ಎಂಬುದು ಅವರಿಗೆ ಸಿಕ್ಕಿಬಿಡುತ್ತದೆ. ಪ್ಲಾಟು ಹಾಕಿದ ಹೊಸ ಬಡಾವಣೆಯಲ್ಲಿ ಬಾಜೂ ಮನೆಯೇ ಇಲ್ಲದಿದ್ದರೆ ಹತ್ತಿರದ ದೇವಸ್ಥಾನವೋ ಶಾಲೆಯೋ ಯಾವುದಾದರೂ ಗುರುತು ಹೇಳಬೇಕು.

ಈಗ ಕಾನೂನಿಗೆ ಬರೋಣ. ಇಂಟರ್ನೆಟ್ಟಿನ ಮೂಲಕ ಅಭಿಪ್ರಾಯ ಹೇಳುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ ಅನುರಾಧಾ ಭಸೀನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಹೇಳಿತು. ಅದನ್ನು ಹಿಡಿದುಕೊಂಡು ‘ನನ್ನ ಮನೆಗೆ ಲೈನ್ ಎಳೆಯಿರಿ’ ಎಂದು ಕಂಪನಿಯನ್ನು ಒತ್ತಾಯಿಸಲು ಬರುವುದಿಲ್ಲ. ಆ ತೀರ್ಪು ಸರ್ಕಾರ ಇಂಟರ್ನೆಟ್ ಬಂದ್ ಮಾಡುವುದರ ಕುರಿತದ್ದು. ಸಂಪರ್ಕಕ್ಕೆ ಸಂಬಂಧಿಸಿದ ನಿಯಮಗಳನ್ನು ಮಾಡುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. ಅದರ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮಾವಳಿ 15 ಕೆಲಸದ ದಿನಗಳಲ್ಲಿ ಸಂಪರ್ಕ ಕೊಡಬೇಕು ಎಂದಿತ್ತು, ಜೊತೆಗೇ ‘ತಾಂತ್ರಿಕವಾಗಿ ಸಾಧ್ಯವಿದ್ದರೆ’ ಎಂಬ ಬಾಲ ಅಂಟಿಸಿತ್ತು. ಆ ಬಾಲ ಹಿಡಿದುಕೊಂಡೇ ಎಷ್ಟೋ ಅರ್ಜಿಗಳು ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿದವು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಾವಳಿ ಅದರ ಜಾಗಕ್ಕೆ ಬಂದಿದೆ. ತಂತಿಯ ಸೇವೆ ಕೆಟ್ಟು ಮೂರು ದಿನ ದಾಟಿದರೂ ದುರಸ್ತಿ ಆಗದಿದ್ದರೆ ಗ್ರಾಹಕರಿಗೆ ಬಾಡಿಗೆಯಲ್ಲಿ ಪರಿಹಾರ ಕೊಡಬೇಕು ಎಂಬುದು ಅದರಲ್ಲಿದೆ. ಆದರೆ ಈ ಪರಿಹಾರ ಸಂಪರ್ಕ ಬಂದ ಮೇಲಿನ ಮಾತು. ಹಣ ಕಟ್ಟುವ ಮುಂಚೆ ನಿಮ್ಮ ಕೈಯಲ್ಲಿರುವ ಬಲ ಒಂದೇ: ಆಗುತ್ತದೋ ಇಲ್ಲವೋ ಎಂಬ ಉತ್ತರವನ್ನು ಬರಹದಲ್ಲಿ ಪಡೆಯುವುದು.

ಆದ್ದರಿಂದ ಅರ್ಜಿಯಲ್ಲಿ ಲ್ಯಾಂಡ್‌ಲೈನ್ ಎಂದಷ್ಟೇ ಬರೆದು ಬಿಡಬೇಡಿ. ‘ಈ ವಿಳಾಸಕ್ಕೆ ಬ್ರಾಡ್‌ಬ್ಯಾಂಡ್ ಸಹಿತ ಸಂಪರ್ಕ ಬೇಕಾಗಿದೆ. ಬ್ರಾಡ್‌ಬ್ಯಾಂಡ್ ಸಾಧ್ಯವಿಲ್ಲದಿದ್ದರೆ ಬರೀ ದೂರವಾಣಿ ನನಗೆ ಬೇಡ. ಸಾಧ್ಯತೆಯನ್ನು ಪರಿಶೀಲಿಸಿ, ತಾಮ್ರವೋ ಫೈಬರೋ, ಎಷ್ಟು ವೇಗ ಸಿಗುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಿದ ಬಳಿಕ ಡಿಮಾಂಡ್ ನೋಟ್ ಕೊಡಬೇಕು’ ಎಂದು ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ವೇಗದ ಮಾತು ಬಂದಾಗ ಒಂದು ಅಂಕಿ ನೆನಪಿರಲಿ. 2004ರ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳುತ್ತಿತ್ತು, 2013ರಲ್ಲಿ ಅದು 512 ಆಯಿತು, 2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್. ಅದಕ್ಕಿಂತ ಕಡಿಮೆ ಕೊಟ್ಟು ಬ್ರಾಡ್‌ಬ್ಯಾಂಡ್ ಎಂದು ಬಿಲ್ ಮಾಡುವಂತಿಲ್ಲ.

ಉತ್ತರ ಬರಲಿಲ್ಲವೇ? ಬಿಎಸ್‌ಎನ್‌ಎಲ್ ಸರ್ಕಾರಿ ಸಂಸ್ಥೆ, ಹಾಗಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯ ಒಳಗೆ ಬರುತ್ತದೆ. ಈ ದಾರಿಯನ್ನು ನಮ್ಮ ಭಾಗದವರು ರೇಷನ್ ಕಾರ್ಡಿಗೂ ಪಹಣಿಗೂ ಬಳಸಿದಷ್ಟು ಟೆಲಿಫೋನಿಗೆ ಬಳಸಿಲ್ಲ. ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕಾಯ್ದೆಯ 6ನೇ ಕಲಮಿನ ಪ್ರಕಾರ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬಹುದು, ಅಂದರೆ ಕೇಂದ್ರದ ಸಂಸ್ಥೆಗೂ ಕನ್ನಡ ನಡೆಯುತ್ತದೆ; ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ‘ಯಾಕೆ ಲೈನ್ ಕೊಡುತ್ತಿಲ್ಲ’ ಎಂದು ಕೇಳಿದರೆ ಅದು ವಾದವಾಗುತ್ತದೆ, ಉತ್ತರ ಜಾರಿಕೊಳ್ಳುತ್ತದೆ. ದಾಖಲೆ ಕೇಳಿ: ನನ್ನ ಅರ್ಜಿಯ ಮೇಲೆ ನಡೆದ ಫೀಸಿಬಿಲಿಟಿ ಪರಿಶೀಲನೆಯ ವರದಿಯ ಪ್ರತಿ, ನನ್ನ ವಿಳಾಸ ಬರುವ ಎಕ್ಸ್‌ಚೇಂಜಿನಲ್ಲಿ ಇವತ್ತು ಖಾಲಿ ಇರುವ ಬ್ರಾಡ್‌ಬ್ಯಾಂಡ್ ಪೋರ್ಟುಗಳ ಸಂಖ್ಯೆ, ನನ್ನ ಅರ್ಜಿಯ ನಂತರ ಇದೇ ಓಣಿಯಲ್ಲಿ ಕೊಟ್ಟ ಹೊಸ ಸಂಪರ್ಕಗಳ ಸಂಖ್ಯೆ ಮತ್ತು ದಿನಾಂಕ. ಮೂರನೆಯ ಪ್ರಶ್ನೆಗೆ ಬಹಳ ಶಕ್ತಿ ಇದೆ. ಸರದಿ ತಪ್ಪಿಸಿ ಕೊಟ್ಟಿದ್ದರೆ ಅದು ಕಾಗದದ ಮೇಲೆ ಬರುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ರಾಜ್ಯ ಆಯೋಗಕ್ಕೆ ಹೋಗಿ ಅರ್ಜಿ ಕೊಟ್ಟು ತಿಂಗಳು ಕಳೆದುಕೊಳ್ಳಬೇಡಿ.

ಖಾಸಗಿ ಕಂಪನಿಗಳಿಗೂ ಊರಿನ ಕೇಬಲ್‌ನವರಿಗೂ ಈ ಅರ್ಜಿ ನಡೆಯುವುದಿಲ್ಲ. ಅಲ್ಲಿ ರಸೀದಿಯೇ ಆಯುಧ. ಬಿಎಸ್‌ಎನ್‌ಎಲ್ ಫೈಬರನ್ನೂ ಈಗ ಬಹಳ ಕಡೆ ಸ್ಥಳೀಯ ಪಾಲುದಾರರೇ ಮನೆಗೆ ಎಳೆಯುತ್ತಾರೆ. 2020ರ ಜನವರಿಯಲ್ಲಿ ಆ ಸಂಸ್ಥೆಯ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದ ಮೇಲೆ ಹಳೆಯ ಲೈನ್‌ಮನ್‌ಗಳು ಕಾಣುವುದೇ ಅಪರೂಪ. ವಯರಿಗೆ, ಪೆಟ್ಟಿಗೆಗೆ ಎಂದು ಕೈಯಲ್ಲಿ ನಗದು ಕೇಳಿದರೆ ಬಿಲ್ ಕೇಳಿ. ಸೇವೆಗೆ ಬಿಲ್ ಅಥವಾ ರಸೀದಿ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮಿನಡಿ ಅನುಚಿತ ವ್ಯಾಪಾರ ಪದ್ಧತಿ. ಇನ್ನೊಂದು ಸೂಕ್ಷ್ಮವೂ ಇದೆ. ಹಣ ಕೊಟ್ಟವರು ಅಥವಾ ಕೊಡಲು ಒಪ್ಪಿದವರು ಮಾತ್ರ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರು. ಬರೀ ವಿಚಾರಿಸಿ ಬಂದವರಿಗೆ ‘ಆಗಲ್ಲ’ ಎಂದರೆ ದಾವೆ ನಿಲ್ಲುವುದು ಕಷ್ಟ. ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಎಂದು ಹಣ ಕಟ್ಟಿಸಿಕೊಂಡು ಬರೀ ಫೋನ್ ಕೊಟ್ಟರೆ ಅದು ಸೇವಾನ್ಯೂನತೆ.

ದೂರಿನ ಮೆಟ್ಟಿಲು ಹೀಗೆ. ಮೊದಲು ಕಂಪನಿಯ ದೂರು ಕೇಂದ್ರ. ಅಲ್ಲಿ ಕೊಡುವ ಡಾಕೆಟ್ ನಂಬರ್ ಬರೆದಿಡಿ, ಅದಿಲ್ಲದಿದ್ದರೆ ಮುಂದಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಬೇಕು. ಅದಕ್ಕೆ 30 ದಿನದೊಳಗೆ ಹೋಗಬೇಕು, ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು. ಟ್ರಾಯ್‌ಗೇ ಪತ್ರ ಬರೆಯುವವರು ಬಹಳ; ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗಕ್ಕೆ 1063ರಲ್ಲಿ ಅಥವಾ ಕೇಂದ್ರದ ಪಿಜಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಪೋರ್ಟಲ್‌ನ ಈಗಿನ ಗಡುವು 21 ದಿನ.

ಅದಕ್ಕೂ ಬಗ್ಗದಿದ್ದರೆ ಬೀದರ್‌ನ ಜಿಲ್ಲಾ ಗ್ರಾಹಕ ಆಯೋಗ. ಟೆಲಿಫೋನ್ ವ್ಯಾಜ್ಯ ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು ಹೇಳುವ ವಕೀಲರು ಇನ್ನೂ ಇದ್ದಾರೆ. ಅವರು ಹೇಳುವುದು 2009ರ ಎಂ. ಕೃಷ್ಣನ್ ತೀರ್ಪು. ಹಳೆಯ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನ ಮಧ್ಯಸ್ಥಿಕೆಯೇ ದಾರಿ ಎಂದು ಆಗ ಸುಪ್ರೀಂ ಕೋರ್ಟ್ ಹೇಳಿತ್ತು. 2022ರ ಫೆಬ್ರುವರಿ 16ರಂದು ವೊಡಾಫೋನ್ ಐಡಿಯಾ ವಿರುದ್ಧ ಅಜಯ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಗ್ರಾಹಕ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿದೆ. ಹೊಸ ಕಾಯ್ದೆಯ ‘ಸೇವೆ’ಯ ಪಟ್ಟಿಯಲ್ಲಿ ಟೆಲಿಕಾಂ ಎಂಬ ಹೆಸರೇ ಇದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿ ದೂರು ಹಾಕಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಗಡುವು ಮೀರಬಾರದು. ಸಾವಿರ ರೂಪಾಯಿಯ ಜಗಳಕ್ಕೆ ಬೀದರಿಗೆ ಓಡಾಡಬೇಕೆ ಎನ್ನುವವರಿಗೆ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸುವ ಅವಕಾಶ ಇದೆ. ನನ್ನನ್ನು ಕೇಳಿದರೆ, ಇಂಥ ಸಣ್ಣ ವ್ಯಾಜ್ಯಕ್ಕೆ ಕಲಬುರಗಿಯ ಖಾಯಂ ಜನತಾ ನ್ಯಾಯಾಲಯ ಇನ್ನೂ ಒಳ್ಳೆಯದು. ದೂರವಾಣಿ ಸೇವೆ ಅದರ ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿದೆ. ಮೊದಲು ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ ಅವರೇ ತೀರ್ಪು ಕೊಡುತ್ತಾರೆ. ಆದರೆ ಬೇರೆ ನ್ಯಾಯಾಲಯಕ್ಕೆ ಹೋಗುವ ಮುಂಚೆಯೇ ಅಲ್ಲಿಗೆ ಹೋಗಬೇಕು.

ರಾಜೇಶ್ವರ, ಮುಡಬಿ, ದುಬಲಗುಂಡಿಯಂಥ ಊರಿನವರು ಗ್ರಾಮ ಪಂಚಾಯಿತಿಯಲ್ಲೂ ಒಂದು ಮಾತು ವಿಚಾರಿಸಬೇಕು. 2011ರಲ್ಲಿ ಒಪ್ಪಿಗೆ ಪಡೆದು ಈಗ ಭಾರತ್‌ನೆಟ್ ಎನ್ನಿಸಿಕೊಳ್ಳುವ ಯೋಜನೆಯ ಫೈಬರ್ ಪಂಚಾಯಿತಿ ಕಟ್ಟಡದ ತನಕ ಬಂದಿದೆಯೇ, ಬಂದಿದ್ದರೆ ಅದರಲ್ಲಿ ಬೆಳಕು ಹರಿಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ. 2023ರ ಆಗಸ್ಟಿನಲ್ಲಿ ಒಪ್ಪಿಗೆಯಾದ ಅದರ ಪರಿಷ್ಕೃತ ರೂಪದಲ್ಲಿ ಬೇಡಿಕೆ ಬಂದ ಹಳ್ಳಿಗಳಿಗೂ ಸಂಪರ್ಕ ಒಯ್ಯುವ ಅವಕಾಶ ಇದೆ. ಬೇಡಿಕೆ ದಾಖಲಾಗದ ಹಳ್ಳಿ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಅರ್ಜಿ ಬರೆಯಲು ಬಾರದವರು, ಏಜೆಂಟರಿಗೆ ದುಡ್ಡು ಕೊಡಲಾಗದವರು ಹಿಂಜರಿಯಬೇಕಿಲ್ಲ. ಬಸವಕಲ್ಯಾಣ, ಹುಮನಾಬಾದ್ ಎರಡೂ ಕಡೆ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.