ಶುಶ್ರೂಷೆಯೂ ಒಂದು ವಿದ್ಯೆ

ಹೋದ ತಿಂಗಳು ಚಾವಡಿಯಲ್ಲಿ ಸಭೆ ಮುಗಿದ ಮೇಲೆ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. ನರ್ಸಿಂಗ್ ಓದಬೇಕೆಂದು ಅವಳಿಗೆ ಆಸೆ. "ನೋಡಿ ಸ್ವಾಮಿ, ಟೀಚರಾಗ್ತೀನಿ ಅಂದಿದ್ರೆ ಸಾಲ ಮಾಡಿಯಾದ್ರೂ ಓದಿಸ್ತಿದ್ದೆ. ಕಂಡವರ ಮಲಮೂತ್ರ ಬಳಿಯೋ ಕೆಲಸಕ್ಕೆ ವರ್ಷಗಟ್ಟಲೆ ಓದು ಯಾಕೆ? ಅದರಲ್ಲಿ ಕಲಿಯೋದಾದ್ರೂ ಏನಿದೆ?" ಎಂದು ಕೇಳಿದರು.

ಆ ಹೊತ್ತಿಗೆ ನನಗೆ ತೋಚಿದ ಉತ್ತರ ಒಂದೇ. "ಯಜಮಾನರೆ, ನಮ್ಮ ತಂದೆಯವರಿಗೆ ಹೊಟ್ಟೆಯ ಆಪರೇಷನ್ ಆದ ರಾತ್ರಿ ನಾನು ಪಕ್ಕದಲ್ಲೇ ಕೂತಿದ್ದೆ. ಅವರು ಸುಖವಾಗಿ ಮಲಗಿದ್ದಾರೆ ಎಂದೇ ತಿಳಿದಿದ್ದೆ. ನಾಡಿ ಹಿಡಿದು ನೋಡಿ, ಏನೋ ಕೆಟ್ಟಿದೆ ಎಂದು ಗುರುತಿಸಿ, ಡಾಕ್ಟರನ್ನು ಎಬ್ಬಿಸಿದವರು ಒಬ್ಬ ನರ್ಸಮ್ಮ. ನನಗೆ ಕಾಣದ್ದು ಅವರಿಗೆ ಕಂಡಿತಲ್ಲ, ಅದೇ ಓದು" ಎಂದೆ. ಅವರು ಸುಮ್ಮನಾದರು, ಆದರೆ ಒಪ್ಪಲಿಲ್ಲ.

ನಾನು ಕೃಷಿ ಡಿಪ್ಲೊಮಾ ಓದಿದವನು. ಬೀಜ, ಗೊಬ್ಬರದ ಮಾತು ಕೇಳಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಈ ವಿಷಯವನ್ನು ಪುಸ್ತಕಗಳನ್ನು ನೋಡಿಯೇ ತಿಳಿದುಕೊಳ್ಳಬೇಕಾಯಿತು. ಹಾಗೆ ತಿಳಿದುದನ್ನು ಈ ಪಾಠದಲ್ಲಿ ಬರೆದಿದ್ದೇನೆ. ಶುಶ್ರೂಷೆಯನ್ನು ವಿದ್ಯೆಯಾಗಿ ಮಾಡಿದವರು ಯಾರು, ಹೇಗೆ ಮಾಡಿದರು ಎಂಬುದನ್ನು ಓದುಗರು ತಾಳ್ಮೆಯಿಂದ ಓದಬೇಕಾಗಿ ಕೋರುತ್ತೇನೆ.

ಅಲ್ಲಿಯೂ ಮನೆಯವರು ಬೇಡವೆಂದರು

ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರನ್ನು ನಮ್ಮಲ್ಲಿ ಹಲವರು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ದೀಪ ಹಿಡಿದ ಮಹಿಳೆಯ ಚಿತ್ರ ನೆನಪಿದೆ. ಆದರೆ ಆಕೆಯ ದೊಡ್ಡ ಕೆಲಸ ನಡೆದದ್ದು ದೀಪದಿಂದಲ್ಲ, ಲೆಕ್ಕದ ಪುಸ್ತಕದಿಂದ ಮತ್ತು ಒಂದು ಶಾಲೆಯಿಂದ.

ಆಕೆ ಹುಟ್ಟಿದ್ದು ೧೮೨೦ರ ಮೇ ೧೨ರಂದು, ಇಂಗ್ಲೆಂಡಿನ ಶ್ರೀಮಂತ ಮನೆತನದಲ್ಲಿ. ರೋಗಿಗಳ ಸೇವೆ ಕಲಿಯುತ್ತೇನೆಂದಾಗ ತಾಯಿಯೂ ಅಕ್ಕನೂ ಬಲವಾಗಿ ವಿರೋಧಿಸಿದರು. ಅದಕ್ಕೆ ಕಾರಣವೂ ಇತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಕೆಲಸಕ್ಕೆ ಹೆಚ್ಚಾಗಿ ಬರುತ್ತಿದ್ದವರು ಬೇರೆ ಗತಿಯಿಲ್ಲದ, ಓದಿಲ್ಲದ ಹೆಂಗಸರು. ಮರ್ಯಾದಸ್ಥರ ಮಗಳು ಅಲ್ಲಿಗೆ ಹೋಗುವುದು ಅವಮಾನವೆಂದು ಜನ ತಿಳಿದಿದ್ದರು. ನಮ್ಮ ರೈತ ಬಂಧುಗಳ ಮಾತಿಗೂ ಇದಕ್ಕೂ ಎಷ್ಟು ಹೋಲಿಕೆ ಇದೆ ನೋಡಿ! ಹಲವು ವರ್ಷ ಹಟ ಹಿಡಿದ ಮೇಲೆ, ೧೮೫೧ರಲ್ಲಿ, ಆಕೆಗೆ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಕೆಲವು ತಿಂಗಳು ಕಲಿಯುವ ಅವಕಾಶ ದೊರೆಯಿತು. ೧೮೫೩ರಲ್ಲಿ ಲಂಡನ್ನಿನ ಒಂದು ಸಣ್ಣ ಶುಶ್ರೂಷಾಲಯದ ಮೇಲ್ವಿಚಾರಕಿಯಾದರು.

ಲೆಕ್ಕ ಹೇಳಿದ ಸತ್ಯ

ಮರುವರ್ಷ ಕ್ರಿಮಿಯಾ ಯುದ್ಧ. ಬ್ರಿಟಿಷ್ ಸೈನಿಕರ ಆಸ್ಪತ್ರೆ ತುರ್ಕಿ ದೇಶದ ಸ್ಕುಟಾರಿಯಲ್ಲಿತ್ತು. ೧೮೫೪ರ ನವೆಂಬರ್‌ನಲ್ಲಿ ನೈಟಿಂಗೇಲ್ ೩೮ ಮಂದಿ ದಾದಿಯರೊಡನೆ ಅಲ್ಲಿಗೆ ಬಂದಿಳಿದರು. ಅಲ್ಲಿ ಹಾಸಿಗೆ ಇಲ್ಲ, ಬಟ್ಟೆ ಇಲ್ಲ, ನೆಲ ತಿಕ್ಕುವ ಬ್ರಷ್ ಕೂಡ ಇಲ್ಲ. ಆಕೆ ಸಾಮಾನು ತರಿಸಿದರು. ಅಡುಗೆಮನೆ ಸರಿಪಡಿಸಿದರು. ಬಟ್ಟೆ ಒಗೆಸಲು ಬಿಸಿನೀರಿನ ಏರ್ಪಾಡು ಮಾಡಿ, ಸೈನಿಕರ ಹೆಂಡಂದಿರನ್ನು ಕೂಲಿ ಕೊಟ್ಟು ನೇಮಿಸಿಕೊಂಡರು.

ಇಷ್ಟಾದರೂ ಆ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ, ಹೆಚ್ಚಿತು. ೧೮೫೫ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ ೪೨ರಷ್ಟಿತ್ತು. ಕಾರಣವೇನು? ಆ ಕಟ್ಟಡ ನಿಂತಿದ್ದುದೇ ಕೊಳೆತ ಚರಂಡಿಗಳ ಮೇಲೆ. ನೀರು ಬರುವ ದಾರಿಯಲ್ಲಿ ಸತ್ತ ಪ್ರಾಣಿ ಬಿದ್ದಿತ್ತು. ಕೋಣೆಗಳಿಗೆ ಗಾಳಿಯಾಡುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಸರಕಾರದ ನೈರ್ಮಲ್ಯ ಆಯೋಗದವರು ಬಂದು ಚರಂಡಿ ತೊಳೆಸಿದರು, ನೀರಿನ ದಾರಿ ಶುದ್ಧಮಾಡಿಸಿದರು, ಗಾಳಿಗೆ ಕಂಡಿ ತೆಗೆಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ೨ರಷ್ಟಕ್ಕೆ ಇಳಿಯಿತು.

ಯುದ್ಧ ಮುಗಿದ ಮೇಲೆ ನೈಟಿಂಗೇಲ್ ಲಂಡನ್ನಿನಲ್ಲಿ ಕೂತು, ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ನೆರವಿನಿಂದ ಈ ಲೆಕ್ಕಗಳನ್ನೆಲ್ಲ ಜೋಡಿಸಿದರು. ಗಾಯಗಳಿಂದ ಸತ್ತವರಿಗಿಂತ ರೋಗಗಳಿಂದ ಸತ್ತವರೇ ಎಷ್ಟೋ ಪಾಲು ಹೆಚ್ಚೆಂದು ಲೆಕ್ಕ ತೋರಿಸಿತು. ತಮ್ಮ ಕಣ್ಣೆದುರಿಗೇ ಸತ್ತವರಲ್ಲಿ ಅನೇಕರು ಕೊಳಕಿನಿಂದ ಸತ್ತರೆಂಬ ಸತ್ಯವನ್ನು ಆಕೆ ಮುಚ್ಚಿಡಲಿಲ್ಲ. ಓದು ಬಾರದ ಮಂತ್ರಿಗೂ ತಿಳಿಯುವಂತೆ ಬಣ್ಣದ ಚಿತ್ರಗಳನ್ನು ಬರೆಸಿ ಸರಕಾರದ ಮುಂದಿಟ್ಟರು. ಆಸ್ಪತ್ರೆಯ ಆಡಳಿತವೆಂದರೆ ಕುರ್ಚಿಯ ಮೇಲೆ ಕೂತು ಸಹಿ ಹಾಕುವುದಲ್ಲ. ಎಷ್ಟು ಜನ ಬಂದರು, ಎಷ್ಟು ಜನ ಉಳಿದರು, ಉಳಿಯದವರು ಏಕೆ ಉಳಿಯಲಿಲ್ಲ ಎಂದು ದಿನವೂ ಬರೆದಿಟ್ಟು, ಆ ಲೆಕ್ಕ ಹೇಳಿದಂತೆ ನಡೆಯುವುದು. ಎಕರೆಗೆ ಎಷ್ಟು ಬಿತ್ತಿದೆ, ಎಷ್ಟು ಬಂತು ಎಂದು ಬರೆದಿಡದ ರೈತನಿಗೆ ತನ್ನ ತಪ್ಪು ಹೇಗೆ ತಿಳಿದೀತು? ಇದೂ ಹಾಗೆಯೇ.

ಮುಂದೆ ಆಕೆ ಭಾರತಕ್ಕೆ ಎಂದೂ ಬಾರದಿದ್ದರೂ ಇಲ್ಲಿನ ಸೈನ್ಯದ ಆರೋಗ್ಯ ವಿಚಾರಿಸಲು ೧೮೫೯ರಲ್ಲಿ ನೇಮಕವಾದ ಆಯೋಗಕ್ಕೆ ನೆರವಾಗಿ, ಒಂದೊಂದು ಠಾಣೆಯಿಂದಲೂ ಬಂದ ವರದಿಗಳನ್ನು ಓದಿದರು. ವಯಸ್ಸಾದ ಮೇಲೂ ನಮ್ಮ ಹಳ್ಳಿಗಳ ಕುಡಿಯುವ ನೀರು, ಚರಂಡಿ, ತಿಪ್ಪೆಗಳ ವಿಷಯವಾಗಿ ಬರೆಯುತ್ತಲೇ ಇದ್ದರು.

ಹದಿನೆಂಟುನೂರ ಅರವತ್ತರ ಶಾಲೆ

ಯುದ್ಧಕಾಲದಲ್ಲಿ ಜನರು ಆಕೆಯ ಹೆಸರಿನಲ್ಲಿ ನಿಧಿ ಕೂಡಿಸಿದ್ದರು. ಆ ಹಣದಿಂದ ಆಕೆ ತಮಗೆ ಸ್ಮಾರಕ ಕಟ್ಟಿಸಿಕೊಳ್ಳಲಿಲ್ಲ. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದರು.

ಅದರಲ್ಲಿ ಕಲಿಯುವುದೇನಿತ್ತು? ಹುಣ್ಣು ತೊಳೆದು ಪಟ್ಟಿ ಕಟ್ಟುವುದು. ಅಲುಗಾಡಲಾರದ ರೋಗಿಯ ಹಾಸಿಗೆ ಬದಲಿಸುವುದು. ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು. ನಾಡಿ, ಉಸಿರು, ನಿದ್ರೆ, ಹಸಿವು, ಚರ್ಮದ ಬಣ್ಣ ಇವುಗಳನ್ನು ಗಮನಿಸಿ ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡುವುದು. ರೋಗಿಗೆ ತಕ್ಕ ಗಂಜಿ ತಯಾರಿಸುವುದು. ವಿದ್ಯಾರ್ಥಿನಿಯರಿಗೆ ಊಟ, ವಸತಿ ಮತ್ತು ಸ್ವಲ್ಪ ಸಂಬಳವೂ ಇತ್ತು. ಒಬ್ಬೊಬ್ಬರ ನಡತೆ, ಹೊತ್ತಿಗೆ ಸರಿಯಾಗಿ ಬರುವುದು, ಕೆಲಸದ ಅಚ್ಚುಕಟ್ಟು ಎಲ್ಲವನ್ನೂ ತಿಂಗಳು ತಿಂಗಳು ಪಟ್ಟಿಯಲ್ಲಿ ಗುರುತಿಸುತ್ತಿದ್ದರು.

ಆ ಶಾಲೆಯನ್ನು ದಿನದಿನವೂ ನಡೆಸಿದವರು ನೈಟಿಂಗೇಲ್ ಅಲ್ಲ. ಆಸ್ಪತ್ರೆಯ ಮೇಟ್ರನ್ ಸಾರಾ ವಾರ್ಡ್‌ರೋಪರ್ ಎಂಬವರು. ಗಂಡನನ್ನು ಕಳೆದುಕೊಂಡು ಮಕ್ಕಳೊಡನೆ ಉಳಿದ ಈ ಮಹಿಳೆ ಆಸ್ಪತ್ರೆಯ ಕೆಲಸಕ್ಕೆ ಸೇರಿ, ಅಲ್ಲಿಯೇ ಕಲಿತು ಮೇಲೆ ಬಂದವರು. ೧೮೬೦ರಿಂದ ೧೮೮೭ರವರೆಗೆ, ೨೭ ವರ್ಷ, ಆಸ್ಪತ್ರೆಯ ಆಡಳಿತವನ್ನೂ ಶಾಲೆಯನ್ನೂ ಜೊತೆಯಲ್ಲಿ ನಡೆಸಿದರು. ನೈಟಿಂಗೇಲರ ಹೆಸರು ಲೋಕಕ್ಕೆಲ್ಲ ಗೊತ್ತು, ಇವರ ಹೆಸರು ಬಲ್ಲವರು ಕಡಿಮೆ. ಆದರೆ ಇಂಥವರಿಲ್ಲದೆ ಯಾವ ಶಾಲೆಯೂ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು.

ಈ ಶಾಲೆಯ ಫಲವೆಂಥದು? ಅಲ್ಲಿ ಕಲಿತ ಆಗ್ನೆಸ್ ಜೋನ್ಸ್ ೧೮೬೫ರಲ್ಲಿ ಲಿವರ್‌ಪೂಲಿನ ಬಡವರ ಆಸ್ಪತ್ರೆಗೆ ಹೋದರು. ಅಲ್ಲಿದ್ದ ಬಡವರೇ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಆ ಜಾಗಕ್ಕೆ ಕ್ರಮ ತಂದರು. ೧೮೬೮ರಲ್ಲಿ ಅಲ್ಲಿನ ಟೈಫಸ್ ಜ್ವರವೇ ಅವರಿಗೂ ತಗಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಲೂಸಿ ಆಸ್‌ಬರ್ನ್ ಐವರು ದಾದಿಯರೊಡನೆ ಹಡಗಿನಲ್ಲಿ ಆಸ್ಟ್ರೇಲಿಯದ ಸಿಡ್ನಿ ಸೇರಿ ಅಲ್ಲಿ ಶುಶ್ರೂಷೆಯ ಶಿಕ್ಷಣಕ್ಕೆ ತಳಹದಿ ಹಾಕಿದರು. ಸಸಿಮಡಿಯಲ್ಲಿ ಒತ್ತಾಗಿ ಬೆಳೆದ ಪೈರನ್ನು ಕಿತ್ತು ಬೇರೆ ಬೇರೆ ಗದ್ದೆಗಳಲ್ಲಿ ನೆಟ್ಟ ಹಾಗಾಯಿತು.

ನಮ್ಮ ನೆರೆಯ ವೆಲ್ಲೂರು

ಇದು ಸೀಮೆಯ ಕಥೆ, ನಮ್ಮ ಕಡೆ ಹೀಗೆ ಯಾರು ಮಾಡಿದ್ದಾರೆ ಎಂದು ಕೇಳಬಹುದು. ನಮ್ಮ ಕೋಲಾರದ ಕಡೆಯಿಂದ ದೂರವೇನೂ ಇಲ್ಲದ ವೆಲ್ಲೂರಿನಲ್ಲಿ ಮಾಡಿದ್ದಾರೆ. ನಮ್ಮ ಹಳ್ಳಿಗಳಿಂದಲೂ ಕಠಿಣ ಕಾಯಿಲೆಯಾದವರು ಅಲ್ಲಿಗೆ ಹೋಗಿಬರುವುದುಂಟು.

ಆ ಆಸ್ಪತ್ರೆಯನ್ನು ಕಟ್ಟಿದವರು ಡಾಕ್ಟರ್ ಐಡಾ ಸ್ಕಡ್ಡರ್. ಅಮೆರಿಕದ ವೈದ್ಯ ಮನೆತನದವರಾದರೂ ೧೮೭೦ರಲ್ಲಿ ಹುಟ್ಟಿದ್ದು ರಾಣಿಪೇಟೆಯಲ್ಲಿ. ಪ್ರಾಯದಲ್ಲಿ ತಿಂಡಿವನಂನಲ್ಲಿ ತಂದೆಯ ಮನೆಯಲ್ಲಿದ್ದಾಗ, ಒಂದು ರಾತ್ರಿ ಒಬ್ಬರಾದ ಮೇಲೊಬ್ಬರಂತೆ ಮೂವರು ಗಂಡಸರು ಬಂದು, ಹೆರಿಗೆಯ ನೋವಿನಲ್ಲಿದ್ದ ತಮ್ಮ ಹೆಂಡಂದಿರನ್ನು ಉಳಿಸಿಕೊಡಿರೆಂದು ಬೇಡಿದರು. ತಂದೆ ಡಾಕ್ಟರು, ಅವರು ಬರಲು ಸಿದ್ಧ. ಆದರೆ ಪರಗಂಡಸು ಮುಟ್ಟಕೂಡದೆಂದು ಮೂವರೂ ಹಿಂತಿರುಗಿದರು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ಸತ್ತಿದ್ದರು. ಡಾಕ್ಟರಾಗುವ ಮನಸ್ಸೇ ಇಲ್ಲದಿದ್ದ ಆ ಹುಡುಗಿ ಅಂದೇ ನಿಶ್ಚಯ ಮಾಡಿ, ಅಮೆರಿಕಕ್ಕೆ ಹೋಗಿ ಓದಿ, ೧೮೯೯ರಲ್ಲಿ ಪದವಿ ಪಡೆದು ಹಿಂತಿರುಗಿದರು.

೧೯೦೦ರಲ್ಲಿ ವೆಲ್ಲೂರಿನಲ್ಲಿ ಅವರ ದವಾಖಾನೆ ಆರಂಭವಾದದ್ದು ಒಂದೇ ಹಾಸಿಗೆಯಿಂದ. ಎರಡು ವರ್ಷಗಳಲ್ಲಿ ೫,೦೦೦ ರೋಗಿಗಳಿಗೆ ಚಿಕಿತ್ಸೆ ನಡೆಯಿತು. ೧೯೦೨ರಲ್ಲಿ ೪೦ ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಆಗ ಅವರಿಗೆ ತಿಳಿದದ್ದೇನೆಂದರೆ, ಒಬ್ಬಳೇ ಎಷ್ಟು ದುಡಿದರೂ ತೀರದು, ತಾನು ಸತ್ತರೆ ಕೆಲಸವೂ ಸತ್ತೀತು. ಆದುದರಿಂದ ೧೯೦೯ರಲ್ಲಿ ದಾದಿಯರ ಶಾಲೆ ತೆರೆದರು. ಡೆಲಿಯಾ ಹೌಟನ್ ಎಂಬ ನರ್ಸು ಅದರ ಭಾರ ಹೊತ್ತರು. ಹೆಂಗಸರ ವೈದ್ಯಶಾಲೆ ಆರಂಭವಾದದ್ದು ೧೯೧೮ರಲ್ಲಿ. ಡಾಕ್ಟರರ ಶಾಲೆಗಿಂತ ಒಂಬತ್ತು ವರ್ಷ ಮೊದಲೇ ದಾದಿಯರ ಶಾಲೆ! ಅಡಿಪಾಯ ಯಾವುದೆಂದು ಅವರಿಗೆ ಗೊತ್ತಿತ್ತು.

೧೯೪೬ರಲ್ಲಿ ಅಲ್ಲಿ ನರ್ಸಿಂಗ್ ಪದವಿ ತರಗತಿಯೂ ಆರಂಭವಾಯಿತು. ಅದೇ ವರ್ಷ ದೆಹಲಿಯಲ್ಲಿಯೂ ಒಂದು ನರ್ಸಿಂಗ್ ಕಾಲೇಜು ತೆರೆಯಿತು. ಅದಕ್ಕೆ ಮುಂದೆ ನಮ್ಮ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನಿಟ್ಟರು. ಐಡಾ ಸ್ಕಡ್ಡರ್ ೧೯೬೦ರಲ್ಲಿ ತೀರಿಕೊಂಡರು. ಒಂದು ಹಾಸಿಗೆಯ ದವಾಖಾನೆ ಇಂದು ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಾಗಿದೆ. ಅವರು ಹೋದರೂ ಕೆಲಸ ನಿಲ್ಲಲಿಲ್ಲ.

ನಾವು ತಿಳಿಯಬೇಕಾದುದು

ನೈಟಿಂಗೇಲ್, ವಾರ್ಡ್‌ರೋಪರ್, ಸ್ಕಡ್ಡರ್ ಇವರ ಸಾಧನೆಯನ್ನು ಅವರು ಸ್ವತಃ ಎಷ್ಟು ರೋಗಿಗಳನ್ನು ನೋಡಿದರು ಎಂಬುದರಿಂದ ಅಳೆಯಬಾರದು. ತಮ್ಮ ಹಾಗೆ ಕೆಲಸ ಮಾಡಬಲ್ಲವರನ್ನು ಎಷ್ಟು ಮಂದಿಯನ್ನು ತಯಾರು ಮಾಡಿದರು ಎಂಬುದರಿಂದ ಅಳೆಯಬೇಕು. ಒಳ್ಳೆಯ ರೈತ ಬೆಳೆದದ್ದನ್ನೆಲ್ಲ ಉಣ್ಣುವುದಿಲ್ಲ, ಬೀಜಕ್ಕೆಂದು ಎತ್ತಿಡುತ್ತಾನೆ.

ಮಲಮೂತ್ರ ಬಳಿಯುವುದು ಈ ಕೆಲಸದಲ್ಲಿ ಇದೆ, ಇಲ್ಲವೆನ್ನಲಾರೆ. ರಾತ್ರಿ ಪಾಳಿಯೂ ಇದೆ, ಸೋಂಕಿನ ಭಯವೂ ಇದೆ. ೨೦೨೦ರಲ್ಲಿ ಕೊರೋನಾ ಬಂದಾಗ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ದಾದಿಯರು ವಾರ್ಡಿನಲ್ಲಿದ್ದರು. ಆದರೆ ಬಳಿಯುವಾಗಲೂ ಅದರ ಬಣ್ಣ, ಪ್ರಮಾಣ ನೋಡಿ ರೋಗ ಯಾವ ಕಡೆಗೆ ತಿರುಗುತ್ತಿದೆ ಎಂದು ತಿಳಿಯುವವರು ದಾದಿ. ಸಗಣಿಯನ್ನು ನೋಡಿ ದನದ ಆರೋಗ್ಯ ಹೇಳುವ ನಮಗೆ ಇದು ತಿಳಿಯದ ಮಾತಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿನಲ್ಲಿ ದೇಹದ ರಚನೆ, ಔಷಧಿಗಳ ಗುಣ, ಆಹಾರ, ಹೆರಿಗೆ, ಮಕ್ಕಳ ಪಾಲನೆ, ಮನಸ್ಸಿನ ಕಾಯಿಲೆ, ಊರಿನ ಆರೋಗ್ಯ ಎಲ್ಲವೂ ಬರುತ್ತವೆ. ಅನುಭವ ಬಂದವರು ಮುಂದೆ ಮೇಲ್ವಿಚಾರಕರಾಗಬಹುದು, ಪಾಠ ಹೇಳುವವರೂ ಆಗಬಹುದು.

ಕಾಲೇಜಿಗೆ ಸೇರಿಸುವ ಮುನ್ನ ಅದಕ್ಕೆ ಮಾನ್ಯತೆ ಉಂಟೆ, ಕಲಿಯಲು ಆಸ್ಪತ್ರೆ ಉಂಟೆ, ಹುಡುಗಿಯರಿಗೆ ಸುರಕ್ಷಿತ ವಸತಿ ಉಂಟೆ ಎಂದು ಸ್ವತಃ ಹೋಗಿ ನೋಡಬೇಕು. ಬಾಯಿಮಾತು ನಂಬಿ ದುಡ್ಡು ಕಟ್ಟಬಾರದು. ತಾಲ್ಲೂಕು ಆಸ್ಪತ್ರೆಯ ಹಿರಿಯ ನರ್ಸುಗಳನ್ನು ಕೇಳಿದರೆ ಸರಿಯಾದ ಸಲಹೆ ದೊರೆಯುತ್ತದೆ.

ಮೊನ್ನೆ ಆ ರೈತರ ಮನೆಗೆ ಹೋಗಿ ಇದನ್ನೆಲ್ಲ ಓದಿ ಹೇಳಿದೆ. ಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಮೂವರು ಹೆಂಗಸರ ಹತ್ತಿರ ಒಬ್ಬ ಕಲಿತ ಹೆಣ್ಣುಮಗಳು ಇದ್ದಿದ್ರೆ ಉಳೀತಿದ್ರೋ ಏನೋ, ಅಲ್ವಾ ಸ್ವಾಮಿ?" ಎಂದರು. ಅರ್ಜಿ ಇನ್ನೂ ಗೋಡೆಯ ಗೂಡಿನಲ್ಲೇ ಇದೆ. ಸಹಿ ಆಗಿಲ್ಲ. ಈ ವಾರ ಮತ್ತೆ ಹೋಗುತ್ತೇನೆ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

೧. ಸ್ಕುಟಾರಿಯಲ್ಲಿ ಸಾವು ಇಳಿದದ್ದು ಏತರಿಂದ? ನಮ್ಮ ಊರಿನ ಕುಡಿಯುವ ನೀರಿನ ಹತ್ತಿರ ಚರಂಡಿ, ತಿಪ್ಪೆಗಳು ಇವೆಯೆ?

೨. ಕಳೆದ ವರ್ಷ ನಮ್ಮ ಊರಿನಲ್ಲಿ ಜ್ವರ ಬಂದವರೆಷ್ಟು ಮಂದಿ? ಆ ಲೆಕ್ಕ ಯಾರ ಬಳಿ ಇದೆ? ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿಯಿರಿ.

೩. ಸ್ಕಡ್ಡರ್ ಅವರು ದಾದಿಯರ ಶಾಲೆಯನ್ನು ಮೊದಲು ತೆರೆದದ್ದೇಕೆ?

೪. ನಮ್ಮ ಊರಿನಿಂದ ನರ್ಸಿಂಗ್ ಓದಲು ಹೋದವರು ಎಷ್ಟು ಮಂದಿ? ಯಾರೂ ಹೋಗಿಲ್ಲವಾದರೆ, ತಡೆದದ್ದು ಹಣವೋ, ನಮ್ಮ ಮಾತೋ?